ಭೀಮೆಯ ದಂಡೆಯ ಮೊದಲ ಒಕ್ಕಲು

(ಸೊಲ್ಲಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಸೊಲ್ಲಾಪುರದಲ್ಲಿ ನಿಂತು ಇತಿಹಾಸದ ಮಾತಾಡುವವರು ಕಲ್ಲಿನ ಮೇಲಿನ ಅಕ್ಷರದಿಂದ ಶುರು ಮಾಡುವುದು ರೂಢಿ. ಅದಕ್ಕೆ ಕಾರಣವೂ ಇದೆ. ಈ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರರು ಓದಿ ಪುಸ್ತಕ ಮಾಡಿ ಕೊಟ್ಟಿದ್ದಾರೆ. ಅದರಲ್ಲಿ ಕನ್ನಡದ ಪಾಲು ದೊಡ್ಡದು. ಸೀನಾ ನದಿ ಭೀಮೆಯನ್ನು ಕೂಡುವ ಹತ್ತರಸಂಗ ಕೂಡಲದಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ ಮರಾಠಿ ಶಾಸನವಿದೆ. ಸೊನ್ನಲಿಗೆಯ, ಅಂದರೆ ಇದೇ ಸೊಲ್ಲಾಪುರದ, ಸಿದ್ಧರಾಮ 12ನೆಯ ಶತಮಾನದಲ್ಲಿ ಕಟ್ಟಿಸಿದ ಕೆರೆ ಇವತ್ತಿಗೂ ಊರ ನಡುವೆ ನೀರು ಹಿಡಿದು ನಿಂತಿದೆ. ಇಷ್ಟು ಸಾಮಗ್ರಿ ಇದ್ದರೆ ಯಾರು ಮೊದಲು, ಯಾರು ಆಮೇಲೆ ಎಂಬ ವಾದ ಹೊತ್ತು ಮುಳುಗುವ ತನಕ ನಡೆಯುತ್ತದೆ.

ನಾನು ಆ ವಾದಕ್ಕೆ ಇಳಿಯುವುದಿಲ್ಲ. ಆ ಶಾಸನಕ್ಕಿಂತ ಎರಡೂವರೆ ಸಾವಿರ ವರ್ಷ ಹಿಂದೆ ಇದೇ ಭೀಮೆಯ ನೀರು ಕುಡಿದು, ಇದೇ ಎರೆಭೂಮಿಯ ಬಿರುಕು ನೋಡಿ, ಬಿತ್ತಿ ಬೆಳೆದು ಬದುಕಿದವರ ಮಾತು ನನ್ನದು. ಅವರಿಗೆ ಅಕ್ಷರ ಇರಲಿಲ್ಲ. ಅವರ ಅರಸರ ಹೆಸರು ನಮಗೆ ಗೊತ್ತಿಲ್ಲ; ಅರಸರು ಇದ್ದರೆಂದೂ ತೋರುವುದಿಲ್ಲ. ಅವರು ಬಿಟ್ಟು ಹೋದದ್ದು ಸುಟ್ಟ ಕಾಳು, ಒಡೆದ ಮಡಕೆ, ದನದ ಎಲುಬು, ಸಾರಿಸಿದ ನೆಲ. ಇವಿಷ್ಟನ್ನೇ ಹಿಡಿದು ಒಂದು ಒಕ್ಕಲು ಊರಿನ ಒಂಬೈನೂರು ವರ್ಷದ ಬಾಳನ್ನು ಬರೆಯಬಹುದು ಎಂದು ತೋರಿಸಿಕೊಟ್ಟ ಜಾಗ ಇನಾಮಗಾವ್.

ಇನಾಮಗಾವ್ ಇರುವುದು ಪುಣೆ ಜಿಲ್ಲೆಯ ಶಿರೂರು ತಾಲೂಕಿನಲ್ಲಿ, ಘೋಡ್ ನದಿಯ ಬಲದಂಡೆಯ ಮೇಲೆ. ಘೋಡ್ ಹೋಗಿ ಭೀಮೆಗೆ ಸೇರುತ್ತದೆ. ಆ ನೀರು ಉಜನಿಯ ಜಲಾಶಯ ದಾಟಿ, ಪಂಢರಪುರ ದಾಟಿ, ನಮ್ಮ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ ತಾಲೂಕುಗಳ ಅಂಚಿನಲ್ಲಿ ಇಂಡಿಯ ಕಡೆಗೆ ಹರಿಯುತ್ತದೆ. ಹಾಗಾಗಿ ಅದು ಪರಸ್ಥಳವಲ್ಲ, ನಮ್ಮ ಹೊಳೆಯ ಮೇಲುಗಡೆಯ ಊರು. ಪುಣೆಯ ಡೆಕ್ಕನ್ ಕಾಲೇಜಿನವರು ಅಲ್ಲಿ 1968ರಲ್ಲಿ ಗುದ್ದಲಿ ಹಾಕಿದರು, 1983ರ ತನಕ ಅಗೆದರು. ಎಚ್.ಡಿ. ಸಾಂಕಳಿಯಾ, ಎಂ.ಕೆ. ಢವಳೀಕರ, ಝಡ್.ಡಿ. ಅನ್ಸಾರಿ ಮುಂದಾಳುಗಳು. ವರದಿ ಅಚ್ಚಾದದ್ದು 1988ರಲ್ಲಿ. ಒಂದು ಹಳ್ಳಿಯ ಹಾಳಿಗೆ ಇಪ್ಪತ್ತು ವರ್ಷ! ಇಂದಿನ ಯೋಜನೆಗಳ ಲೆಕ್ಕದಲ್ಲಿ ಇದಕ್ಕೆ ಯಾರೂ ಹಣ ಕೊಡಲಾರರು.

ಇಪ್ಪತ್ತು ವರ್ಷ ಯಾಕೆ ಬೇಕಾಯಿತು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ದಿಬ್ಬವನ್ನು ಅಗೆಯಲು ಎರಡು ದಾರಿ. ಬಾವಿ ತೋಡಿದಂತೆ ಕಿರಿದಾಗಿ ಕೆಳಗಿಳಿದರೆ ಪದರದ ಮೇಲೆ ಪದರ ಕಾಣುತ್ತದೆ. ಯಾವ ಮಡಕೆ ಹಿಂದಿನದು, ಯಾವುದು ಇತ್ತೀಚಿನದು ಎಂದು ಬೇಗ ತಿಳಿಯುತ್ತದೆ. ಆದರೆ ಮನೆ ಕಾಣುವುದಿಲ್ಲ, ಓಣಿ ಕಾಣುವುದಿಲ್ಲ, ಶ್ರೀಮಂತ ಯಾರು ಬಡವ ಯಾರು ಕಾಣುವುದಿಲ್ಲ. ಅದಕ್ಕೆ ಮಣ್ಣನ್ನು ಅಗಲಕ್ಕೆ, ಚಾಪೆ ಸುತ್ತಿದ ಹಾಗೆ ಪದರ ಪದರವಾಗಿ ತೆಗೆಯಬೇಕು. ಇನಾಮಗಾವ್‌ನಲ್ಲಿ ಮಾಡಿದ್ದು ಅದನ್ನು. 130ಕ್ಕೂ ಹೆಚ್ಚು ಮನೆಗಳ ತಳ ಬೆಳಕಿಗೆ ಬಂತು.

ಇಲ್ಲಿ ಒಂದು ವರ್ಷದ ಹೆಸರು ಹೇಳುತ್ತೇನೆ: 1947. ಆ ವರ್ಷ ಮಾರ್ಟಿಮರ್ ವ್ಹೀಲರ್ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದರು. ಮೈಸೂರಿನ ಎಂ.ಎಚ್. ಕೃಷ್ಣ ವ್ಹೀಲರ್‌ಗಿಂತ ಮೊದಲೇ ಅಲ್ಲಿ ಕೆಲಸ ಮಾಡಿದ್ದರು ಎಂಬುದನ್ನು ನಾವು ಮರೆಯಬಾರದು. ವ್ಹೀಲರ್‌ಗೆ ಬೇಕಾಗಿದ್ದದ್ದು ಕಾಲಾನುಕ್ರಮ. ಕಲ್ಲುಕೊಡಲಿಯ ಜನ, ಆಮೇಲೆ ಬೃಹತ್ ಶಿಲಾಸಮಾಧಿಯ ಜನ, ಆಮೇಲೆ ಸಾತವಾಹನರು: ಮೂರು ಪದರ, ಚೊಕ್ಕ ಲೆಕ್ಕ. ಕಲ್ಲುಕೊಡಲಿಯವರನ್ನು ಅವರು ಕ್ರಿ.ಪೂ. ಒಂದನೆಯ ಸಹಸ್ರಮಾನದ ಶುರುವಿಗೆ ಇಟ್ಟರು. ಇಂಗಾಲದ ಕಾಲನಿರ್ಣಯ ಬಂದ ಮೇಲೆ ದಕ್ಷಿಣದ ನವಶಿಲಾಯುಗ ಕ್ರಿ.ಪೂ. ಮೂರನೆಯ ಸಹಸ್ರಮಾನದಷ್ಟು ಹಿಂದಕ್ಕೆ ಸರಿಯಿತು. ಅನುಕ್ರಮ ಉಳಿಯಿತು, ತಾರೀಖು ಬಿದ್ದುಹೋಯಿತು.

ಅದೇ 1947ರಲ್ಲಿ ಜಪಾನಿನ ಶಿಝುವೊಕಾ ನಗರದ ಅಂಚಿನಲ್ಲಿ, ತೋರೊ ಎಂಬಲ್ಲಿ, ಇನ್ನೊಂದು ಅಗೆತ ಶುರುವಾಯಿತು. ಯುದ್ಧಕಾಲದಲ್ಲಿ, 1943ರಲ್ಲಿ, ಕಾರ್ಖಾನೆಗೆ ನೆಲ ಅಗೆಯುವಾಗ ಕಟ್ಟಿಗೆಯ ಸಾಮಾನು, ಮಡಕೆ ಚೂರು ಸಿಕ್ಕಿದ್ದವು. ಯುದ್ಧ ಸೋತ ದೇಶ, ಅನ್ನಕ್ಕೆ ತತ್ವಾರ. ಅಂಥ ಹೊತ್ತಿನಲ್ಲಿ ವಿದ್ವಾಂಸರು, ವಿದ್ಯಾರ್ಥಿಗಳು, ಊರವರು ಸೇರಿ ನಾಲ್ಕು ವರ್ಷ ಅಗೆದರು. ಸಿಕ್ಕಿದ್ದು ಸುಮಾರು ಎರಡು ಸಾವಿರ ವರ್ಷದ ಹಿಂದಿನ ಭತ್ತದ ಊರು: ಹನ್ನೆರಡು ಮನೆಗಳ ತಳ, ಕಂಬದ ಮೇಲೆ ಎತ್ತರಿಸಿ ಕಟ್ಟಿದ ಕಣಜಗಳು, ಬದುವಿಗೆ ಹಲಗೆ ಬಡಿದು ನಿಲ್ಲಿಸಿದ ಗದ್ದೆಗಳು, ಕೆಸರಲ್ಲಿ ಹೂತುಹೋಗದಂತೆ ಕಾಲಿಗೆ ಕಟ್ಟಿಕೊಳ್ಳುವ ಮರದ ಹಾವುಗೆ. ನೆರೆ ಬಂದು ಊರನ್ನು ಹೂಳಿನಲ್ಲಿ ಮುಚ್ಚಿದ್ದರಿಂದ ಕಟ್ಟಿಗೆ ಕೊಳೆಯದೆ ಉಳಿದಿತ್ತು. ಜಪಾನಿನ ಪುರಾತತ್ವಜ್ಞರ ಸಂಘ 1948ರಲ್ಲಿ ಹುಟ್ಟಿದ್ದು ಈ ಅಗೆತದ ಒಡನಾಟದಿಂದಲೇ. ದೇವಮೂಲದ ಚಕ್ರವರ್ತಿಗಳ ಕತೆಯನ್ನೇ ಇತಿಹಾಸವೆಂದು ಶಾಲೆಯಲ್ಲಿ ಕಲಿತ ಜನ, ತಮ್ಮ ಹಿರಿಯರು ಕೆಸರು ತುಳಿದ ರೈತರೂ ಹೌದು ಎಂದು ಕಣ್ಣಾರೆ ಕಂಡದ್ದು ಆಗ.

ನಮಗೂ ಅದೇ ವರ್ಷ ಹೊಸ ದೇಶ ಸಿಕ್ಕಿತು. ನಾವು ಮಾತ್ರ ರೈತನ ಮನೆಯ ನೆಲ ಹುಡುಕಲು ಇನ್ನಷ್ಟು ವರ್ಷ ತಡಮಾಡಿದೆವು. ಆಗಿನ ಅಹ್ಮದನಗರ ಜಿಲ್ಲೆಯ ಜೋರ್ವೆಯ ಅಗೆತ 1950–51ರಲ್ಲಿ. ಕೆಂಪು ಮೈಯ ಮೇಲೆ ಕಪ್ಪು ಗೆರೆ ಎಳೆದ, ತಟ್ಟಿದರೆ ಕಂಚಿನಂತೆ ಕಣಕಣ ಎನ್ನುವ ಮಡಕೆ ಅಲ್ಲಿ ಸಿಕ್ಕಿತು. ಆ ಊರಿನ ಹೆಸರೇ ಒಂದಿಡೀ ಸಂಸ್ಕೃತಿಗೆ ನಿಂತಿತು. ನೆವಾಸೆ, ಚಾಂಡೋಲಿ, ದೈಮಾಬಾದ್ ಆಮೇಲಿನವು. ಇನಾಮಗಾವ್ ಅವೆಲ್ಲದರ ಫಲ.

ಈಗ ಊರೊಳಗೆ ಹೋಗೋಣ. ಮೂರು ಕಾಲಘಟ್ಟ. ಕ್ರಿ.ಪೂ. ಸುಮಾರು 1600ರಿಂದ 1400ರ ತನಕ ಮಾಳವದ ಮಡಕೆ ಬಳಸಿದವರು. 1400ರಿಂದ 1000ದ ತನಕ ಹಿಂದಿನ ಜೋರ್ವೆ. 1000ದಿಂದ 700ರ ತನಕ ಕಡೆಯ ಜೋರ್ವೆ. ಊರಿನ ಒಳ್ಳೆಯ ಕಾಲ ನಡುವಿನದು. ಚೌಕು ಮನೆಗಳು ಸಾಲಾಗಿ ನಿಂತಿವೆ. ಗಿಡ್ಡ ಮಣ್ಣುಗೋಡೆ, ಮೇಲೆ ತಟ್ಟಿ ಕಟ್ಟಿ ಮಣ್ಣು ಮೆತ್ತಿದ್ದು, ಹುಲ್ಲಿನ ಚಾವಣಿ. ಒಳಗೆ ಒಲೆ, ಗುಮ್ಮಿ ಇಡಲು ಮಾಡಿದ ದುಂಡನೆಯ ಕಟ್ಟೆ, ನೆಲದಲ್ಲಿ ತೋಡಿ ಸುಣ್ಣ ಬಳಿದ ಹಗೇವು. ಹಗೇವು ಎಂದರೆ ಏನೆಂದು ಬೆಂಗಳೂರಲ್ಲಿ ವಿವರಿಸಬೇಕಾಗುತ್ತದೆ. ಇಲ್ಲಿ ಬೇಕಿಲ್ಲ, ಈ ಸಭೆಯ ಹಿರಿಯರಲ್ಲಿ ಹಗೇವಿಗೆ ಇಳಿದು ಜೋಳ ತೆಗೆದವರು ಇದ್ದಾರೆ.

ಊರ ನಡುವೆ ಉಳ್ಳವರು, ಪಡುವಣ ಅಂಚಿನಲ್ಲಿ ಕುಂಬಾರ, ಅಕ್ಕಸಾಲಿ, ಸುಣ್ಣ ಸುಡುವವ, ದಂತದ ಕೆಲಸಗಾರ. ಕೇರಿ ಎಷ್ಟು ಹಳೆಯದು ನೋಡಿ! ನಡುವೆ ಒಂದು ಐದಂಕಣದ ಮನೆ, ಅದರ ಪಕ್ಕಕ್ಕೆ ಕಣಜ. ಊರ ಗೌಡನ ಮನೆ ಇದ್ದೀತು ಎಂದು ಅಗೆದವರ ಅಂದಾಜು. ಕಣಜ ಒಬ್ಬನದಲ್ಲ, ಊರಿನದು, ಅವನ ಕೈಯಲ್ಲಿ ಕೀಲಿ ಇತ್ತು ಎಂದೂ ಊಹೆ. ನದಿಯ ಕಡೆ ಕಲ್ಲುಮಣ್ಣಿನ ಒಡ್ಡು, ನೆರೆಯ ನೀರನ್ನು ಹೊಲದತ್ತ ತಿರುಗಿಸುವ ಕಾಲುವೆ. ಇಷ್ಟು ದೊಡ್ಡ ಕೆಲಸ ಒಂದು ಮನೆಯ ಕೈಯಲ್ಲಿ ಆಗುವುದಲ್ಲ. ಕೂಲಿ ಹಂಚುವವರು, ನೀರು ಹಂಚುವವರು ಇರಲೇಬೇಕು. ಸಿದ್ಧರಾಮನ ಕೆರೆಗೂ 1871ರ ಏಕರೂಖ ಕೆರೆಗೂ ಹಿಂದಿದ್ದ ಲೆಕ್ಕಾಚಾರವೇ ಇದು: ಹೊಳೆ ಮೂರು ತಿಂಗಳು ಕೊಟ್ಟದ್ದನ್ನು ಒಂಬತ್ತು ತಿಂಗಳು ಇಟ್ಟುಕೊಳ್ಳುವುದು.

ಬೆಳೆದದ್ದು ಏನು? ಎಲ್ಲಕ್ಕಿಂತ ಹೆಚ್ಚು ಜವೆಗೋಧಿ. ಜೊತೆಗೆ ಗೋಧಿ, ಮಸೂರಿ, ಬಟಾಣಿ, ಹುರುಳಿ. ಕಾಡಿನ ಬಾರಿಹಣ್ಣು. ಜವೆ, ಗೋಧಿ ಎಂದರೆ ಹಿಂಗಾರಿ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆ ಚಳಿಗಾಲದ ಬೆಳೆ ತೆಗೆಯುವ ಪದ್ಧತಿಗೆ ಮೂರು ಸಾವಿರ ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ. ಮಂಗಳವೇಢೆಯ ಮಾಲದಂಡಿ ಜೋಳವನ್ನು ನಾವು ಈ ಮಣ್ಣಿನ ಮಗನೆಂದೇ ಭಾವಿಸಿದ್ದೇವೆ; ಮೋಹೋಳದಲ್ಲಿ ಆರಿಸಿ ಎಂ 35–1 ಎಂದು ಹೆಸರಿಟ್ಟು ದೇಶಕ್ಕೆಲ್ಲ ಹಂಚಿದ್ದೂ ಅದನ್ನೇ. ಆದರೆ ಜೋಳದ ತವರು ಆಫ್ರಿಕಾ. ಅದು ಆಮೇಲೆ ಬಂದ ಸೊಸೆ, ಮನೆ ಆಳಿದಳು. ಇನಾಮಗಾವ್‌ನ ಒಲೆಯ ಮೇಲೆ ಬೆಂದದ್ದು ಮುಖ್ಯವಾಗಿ ಜವೆ.

ನೇಗಿಲು? ಇನಾಮಗಾವ್ ಬಳಿಯ ವಾಳಕಿ ಎಂಬ ಸಣ್ಣ ಹೊಲಮನೆಯಂಥ ನೆಲೆಯಲ್ಲಿ ಎಲುಬಿನಿಂದ ಮಾಡಿದ ನೇಗಿಲಕುಳ ಸಿಕ್ಕಿದೆ. ತಾಮ್ರ ದುಬಾರಿ, ಕಬ್ಬಿಣ ಇನ್ನೂ ಬಂದಿಲ್ಲ. ಕೊಯ್ಯಲು ಚಾಲ್ಸಿಡನಿ ಕಲ್ಲಿನ ಸಣ್ಣ ಅಲಗುಗಳು.

ಸತ್ತವರನ್ನು ಮನೆಯ ಹೊರಗೆ ಒಯ್ಯುತ್ತಿರಲಿಲ್ಲ. ಮಕ್ಕಳು ಸತ್ತರೆ ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಅದರೊಳಗೆ ಇಟ್ಟು ಮನೆಯ ನೆಲದಡಿಯೇ ಹೂಳುತ್ತಿದ್ದರು. ಮಕ್ಕಳ ಮಡಕೆಗಳು ಎಷ್ಟು ಸಿಕ್ಕಿವೆಯೆಂದರೆ, ಎಳೆಯ ಸಾವು ಆ ಊರಿನ ದಿನದ ಸಂಗತಿಯಾಗಿತ್ತು ಎಂದು ಹೇಳಲು ಬೇರೆ ಸಾಕ್ಷಿ ಬೇಡ. ದೊಡ್ಡವರನ್ನು ಗುಂಡಿಯಲ್ಲಿ ತಲೆ ಬಡಗಣಕ್ಕೆ ಹಾಕಿ ಮಲಗಿಸುತ್ತಿದ್ದರು, ಪಾದ ಕತ್ತರಿಸಿ. ಸತ್ತವರು ಎದ್ದು ಹೋಗದಿರಲಿ ಎಂದೇ? ಹಾಗೆಂದು ವಿದ್ವಾಂಸರು ಊಹಿಸಿದ್ದಾರೆ. ಊಹೆ ಚೆನ್ನಾಗಿದೆ, ಅಷ್ಟೆ. ಐದಂಕಣದ ಮನೆಯ ಅಂಗಳದಲ್ಲಿ ಮಾತ್ರ ಬೇರೆಯದೇ ಸಮಾಧಿ: ನಾಲ್ಕು ಕಾಲಿನ, ಹೊಟ್ಟೆ ಉಬ್ಬಿದ, ಸುಡದ ಮಣ್ಣಿನ ದೊಡ್ಡ ಗುಡಾಣ, ಒಳಗೆ ಸುಮಾರು ನಲವತ್ತರ ಗಂಡಸು, ಕುಳಿತ ಭಂಗಿಯಲ್ಲಿ. ಅವನ ಪಾದ ಕತ್ತರಿಸಿರಲಿಲ್ಲ. ಜೊತೆಗಿಟ್ಟ ಪಾತ್ರೆಯ ಮೇಲೆ ಹುಟ್ಟುಗಳಿದ್ದ ದೋಣಿಯ ಚಿತ್ರ. ದೊಡ್ಡ ಮನೆಯವರಿಗೆ ಬೇರೆ ಕಾಯಿದೆ ಎಂಬುದು ಆಗಲೇ ಜಾರಿಯಲ್ಲಿತ್ತು.

ಇನ್ನೊಂದು ಮನೆಯ ನೆಲದಡಿ ಒಂದು ಮಣ್ಣಿನ ಪೆಟ್ಟಿಗೆ. ಒಳಗೆ ಒಂದು ಹೆಣ್ಣುಬೊಂಬೆ, ಮುಚ್ಚಳದ ಮೇಲೆ ಇನ್ನೊಂದು ಹೆಣ್ಣುಬೊಂಬೆ ಮತ್ತು ಎತ್ತು. ಇದು ಇಂಥ ದೇವತೆಯೇ ಎಂದು ಈಗಿನ ಹೆಸರಿಡುವ ಆಸೆ ಯಾರಿಗಾದರೂ ಬರುತ್ತದೆ. ನಾನು ಇಡುವುದಿಲ್ಲ.

ಕಡೆಯ ಜೋರ್ವೆಯಲ್ಲಿ ಎಲ್ಲ ತಲೆಕೆಳಗಾಗುತ್ತದೆ. ಚೌಕು ಮನೆಗಳು ಹೋಗಿ ದುಂಡನೆಯ ಸಣ್ಣ ಗುಡಿಸಲು ಬರುತ್ತವೆ. ಐದಂಕಣದ ಮನೆ ಇಲ್ಲ, ಕಣಜ ಇಲ್ಲ. ಮಡಕೆಯ ಚಿತ್ತಾರ ಕಳೆಗುಂದುತ್ತದೆ. ಗೋಧಿ ಇಳಿಯುತ್ತದೆ. ತಿಪ್ಪೆಯಲ್ಲಿ ದನದ ಎಲುಬು ಕಡಿಮೆಯಾಗಿ ಕುರಿ, ಆಡು, ಜಿಂಕೆಯದು ಹೆಚ್ಚುತ್ತದೆ. ಸುಭಾಷ ವಾಳಿಂಬೆ ಮತ್ತು ಜಾನ್ ಲೂಕಾಚ್ ಇಲ್ಲಿನ ಹಲ್ಲುಗಳನ್ನೇ ಹಿಡಿದು ಅಧ್ಯಯನ ಮಾಡಿದರು: ಕಾಳು ತಿನ್ನುವವರ ಹಲ್ಲು ಹುಳುಕುತ್ತದೆ, ಅಲೆದು ಬೇಟೆಯಾಡಿ ತಿನ್ನುವವರದು ಅಷ್ಟು ಹುಳುಕುವುದಿಲ್ಲ, ಕಡೆಯ ಕಾಲದವರಲ್ಲಿ ಹುಳುಕು ಇಳಿದಿತ್ತು. ಹಲ್ಲು ಚೆನ್ನಾಗಿದ್ದದ್ದು ಬದುಕು ಕೆಟ್ಟದ್ದರ ಗುರುತು! ಒಕ್ಕಲಿಗರು ಕುರಿ ಹಿಂದೆ ಅಲೆಯುವವರಾದರು, ಕ್ರಿ.ಪೂ. 700ರ ಹೊತ್ತಿಗೆ ಊರನ್ನೇ ಬಿಟ್ಟರು. ಉತ್ತರದ ಗೋದಾವರಿ ಕಣಿವೆಯ ಜೋರ್ವೆ ಊರುಗಳು ಮೂರು ನೂರು ವರ್ಷ ಮೊದಲೇ ಖಾಲಿಯಾಗಿದ್ದವು.

ಕಾರಣ ಬರ ಎಂದರು ಢವಳೀಕರ. ಮಳೆ ವರ್ಷಗಟ್ಟಲೆ ಕೈಕೊಟ್ಟಿತು ಎಂಬುದು ಅವರ ವಾದ. ಇದನ್ನು ಎಲ್ಲರೂ ಒಪ್ಪಿಲ್ಲ. ಮಣ್ಣು ಸವೆದಿರಬಹುದು, ಜನ ಹೆಚ್ಚಿರಬಹುದು, ಊರಿನೊಳಗಿನ ಅಧಿಕಾರದ ಕಟ್ಟು ಮುರಿದಿರಬಹುದು ಎನ್ನುವವರೂ ಇದ್ದಾರೆ. ನನ್ನ ಒಲವು ಕಡೆಯದರ ಕಡೆ. ಬರ ಈ ಸೀಮೆಗೆ ಹೊಸದಲ್ಲ. 1876–78ರ ಬರದಲ್ಲಿ ಸೊಲ್ಲಾಪುರ ಜಿಲ್ಲೆ ಕಂಡ ಸಾವುನೋವು ದಾಖಲಾಗಿದೆ. ಆದರೂ ಊರುಗಳು ಉಳಿದವು. ಬರದ ವರ್ಷ ಊರು ಉಳಿಯುವುದೋ ಗುಳೆ ಹೋಗುವುದೋ ಎಂಬುದನ್ನು ಆಕಾಶ ಅರ್ಧ ನಿರ್ಧರಿಸಿದರೆ, ಕಣಜದ ಕೀಲಿ ಯಾರ ಹತ್ತಿರ ಇದೆ ಎಂಬುದು ಇನ್ನರ್ಧ. ಇನಾಮಗಾವ್‌ನಲ್ಲಿ ಕಣಜವೂ ಕಾಲುವೆಯ ದೇಖರೇಖಿಯೂ ಒಟ್ಟಿಗೇ ಕಾಣದಾದವು ಎಂಬುದನ್ನು ನಾನು ಮಳೆಯ ಲೆಕ್ಕಕ್ಕಿಂತ ಗಟ್ಟಿ ಸಾಕ್ಷಿ ಎಂದು ಹಿಡಿಯುತ್ತೇನೆ.

ಇದು ಹೊಳೆಯ ಮೇಲುಗಡೆಯ ಮಾತಾಯಿತು. ಕೆಳಗಡೆ ನೋಡಿದರೆ ಇನ್ನೊಂದೇ ಲೋಕ. ಇಲ್ಲಿಂದ ತೆಂಕಣ-ಮೂಡಣಕ್ಕೆ, ಭೀಮೆ-ಕೃಷ್ಣೆಯ ನಡುವಿನ ಸುರಪುರ ಸೀಮೆಯಲ್ಲಿ ಬೂದಿಹಾಳ ಎಂಬ ಊರಿದೆ. ಅದೇ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ಅಲ್ಲಿನ ಬೂದಿದಿಬ್ಬ ಅಗೆದರು. ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳನ್ನು ಜನ ರಾಕ್ಷಸರ ಚಿತೆಯ ಬೂದಿ ಎಂದು ನಂಬಿದ್ದರು. ನಿಜದಲ್ಲಿ ಅದು ಸಗಣಿ: ದನದ ದೊಡ್ಡಿಯಲ್ಲಿ ರಾಶಿಬಿದ್ದು ಮತ್ತೆ ಮತ್ತೆ ಸುಟ್ಟದ್ದು. ಉಟ್ನೂರಿನಲ್ಲಿ 1957ರಲ್ಲಿ ರೇಮಂಡ್ ಆಲ್ಚಿನ್‌ಗೆ ದನದ ಗೊರಸಿನ ಗುರುತೇ ಸಿಕ್ಕಿತ್ತು. ಬೂದಿಹಾಳದಲ್ಲಿ ಪದ್ದಯ್ಯ ದೊಡ್ಡಿಯ ಪಕ್ಕದ ಮನೆಗಳನ್ನೂ, ಕಲ್ಲಿನ ಆಯುಧ ಮಾಡುವ ಜಾಗವನ್ನೂ, ದನ ಕಡಿದು ಹಂಚಿದ ನೆಲವನ್ನೂ ತೋರಿಸಿದರು. ಇವರ ಬೆಳೆ ಜವೆಯಲ್ಲ. ಬಳ್ಳಾರಿಯ ಸಂಗನಕಲ್ಲು ಮೊದಲಾದ ಕಡೆ ಸಿಕ್ಕ ಸುಟ್ಟ ಕಾಳುಗಳನ್ನು ಡೋರಿಯನ್ ಫುಲ್ಲರ್ ಪರೀಕ್ಷಿಸಿದಾಗ ಹೆಚ್ಚಾಗಿ ಕಂಡದ್ದು ಹುರುಳಿ, ಹೆಸರು, ಕೊರಲೆ. ಮೂರೂ ಈ ನೆಲದವೇ, ಮುಂಗಾರಿನವು. ಗೋಧಿ, ಜವೆ ಅಲ್ಲಿಗೆ ಬಂದದ್ದು ಆಮೇಲೆ, ಅದೂ ಸ್ವಲ್ಪ.

ಅಂದರೆ ಮೇಲ್ಗಡೆ ಹಿಂಗಾರಿಯವರು, ಕೆಳಗಡೆ ಮುಂಗಾರಿಯವರು. ಅವರದು ಗುಡಾಣ ಸಮಾಧಿ, ಇವರದು ದನದೊಡ್ಡಿ. ಎರಡರ ನಡುವೆ ಬೇಲಿ ಇರಲಿಲ್ಲ. ಎಂ.ಎಸ್. ನಾಗರಾಜರಾವ್ 1963–64ರಲ್ಲಿ ತೆಕ್ಕಲಕೋಟೆ ಅಗೆದಾಗ ಬಳ್ಳಾರಿ ಸೀಮೆಯ ಆ ಬೆಟ್ಟದ ಮೇಲೂ ಜೋರ್ವೆ ಬಗೆಯ ಮಡಕೆ ಸಿಕ್ಕಿತು. ಹೋಗಿ ಬರುವ ದಾರಿ ಇತ್ತು. ಆ ದಾರಿಯ ನಡುವಿನ ನೆಲ ಯಾವುದು? ಸೀನಾ, ಭೀಮಾ, ಬೋರಿ ಹೊಳೆಗಳ ದಂಡೆ. ನೀವು ಕೂತಿರುವ ಜಾಗ.

ಇಲ್ಲಿ ಒಂದು ಮಾತನ್ನು ಒರಟಾಗಿಯೇ ಹೇಳಬೇಕು. ಅಕ್ಕಲಕೋಟೆಯ ಹೊಲದಲ್ಲಿ ನಾಳೆ ಒಂದು ಜೋರ್ವೆ ಚೂರು ಸಿಕ್ಕರೆ ಒಬ್ಬರು ಅದನ್ನು ಮರಾಠಿ ಎನ್ನುತ್ತಾರೆ, ಬೂದಿದಿಬ್ಬ ಸಿಕ್ಕರೆ ಇನ್ನೊಬ್ಬರು ಕನ್ನಡ ಎನ್ನುತ್ತಾರೆ. ಎರಡೂ ತಪ್ಪು. ಮಡಕೆ ಚೂರು ಭಾಷೆ ಆಡುವುದಿಲ್ಲ. ಜವೆ ಉಂಡವರು ಮನೆಯಲ್ಲಿ ಯಾವ ನುಡಿ ಆಡಿದರು ಎಂಬುದಕ್ಕೆ ಮಣ್ಣಿನಲ್ಲಿ ಉತ್ತರವಿಲ್ಲ. ಕನ್ನಡದ ವೇದಿಕೆಯ ಮೇಲೆ ನಿಂತು ಹೇಳುತ್ತಿದ್ದೇನೆ: ಇವರನ್ನು ನಮ್ಮವರೆಂದು ಹಕ್ಕು ಹೂಡುವುದು ಬೇಡ. ಇವರು ಬಿತ್ತಿದ ನೆಲದ ಮೇಲೆ ನಾವಿದ್ದೇವೆ. ಆ ಸಂಬಂಧ ಕಡಿಮೆಯದಲ್ಲ.

ಇನ್ನು ದಿಬ್ಬಗಳ ಸ್ಥಿತಿ. ಹಳೆಯ ಊರು ನಿಂತಿದ್ದ ಜಾಗದ ಮಣ್ಣು ಬೂದುಬಿಳಿ, ಸುತ್ತಣ ಹೊಲ ಕಪ್ಪು. ಮರಾಠಿಯಲ್ಲಿ ಪಾಂಢರಿ ಎನ್ನುತ್ತಾರೆ, ನಮ್ಮವರು ಹಾಳಮಣ್ಣು ಎನ್ನುತ್ತಾರೆ. ಶತಮಾನಗಳ ಬೂದಿ, ಸಗಣಿ, ಎಲುಬು ಸೇರಿ ಅದು ಒಳ್ಳೆಯ ಗೊಬ್ಬರ. ರೈತರು ಅದನ್ನು ಚಕ್ಕಡಿಯಲ್ಲಿ ಹೊಲಕ್ಕೆ ಹೊತ್ತದ್ದು ಹಿಂದಿನಿಂದ ಬಂದದ್ದು. ಚಕ್ಕಡಿಯ ಕಾಲದಲ್ಲಿ ದಿಬ್ಬ ಕರಗಲು ತಲೆಮಾರು ಹಿಡಿಯುತ್ತಿತ್ತು. ಉಜನಿಯ ನೀರು ಬಂದು ಕಬ್ಬು ಹಬ್ಬಿದ ಮೇಲೆ, ಜೆಸಿಬಿ ಬಂದ ಮೇಲೆ ಲೆಕ್ಕ ಬದಲಾಯಿತು. ಒಂದು ವಾರದಲ್ಲಿ ದಿಬ್ಬ ಸಪಾಟು. ರೈತನನ್ನು ಬೈಯಲು ನನಗೆ ಮನಸ್ಸಿಲ್ಲ, ಅವನಿಗೆ ಯಾರೂ ಬೇರೆ ಬೆಲೆ ಹೇಳಿಲ್ಲ. ಕಾಯಿದೆಯೂ ಅಷ್ಟೆ: 1878ರ ನಿಧಿ ಕಾಯಿದೆ ಹತ್ತು ರೂಪಾಯಿಗಿಂತ ಮೇಲಿನ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಿ ಎನ್ನುತ್ತದೆ. ಸುಟ್ಟ ಹುರುಳಿಕಾಳಿಗೆ ಹತ್ತು ರೂಪಾಯಿ ಯಾರು ಕೊಡುತ್ತಾರೆ?

ಕಾಯಿದೆ ಮಾಡದ್ದನ್ನು ಜನ ಮಾಡಬಲ್ಲರು. ಜಪಾನಿನ ಯೊಷಿನೊಗಾರಿಯಲ್ಲಿ ಕೈಗಾರಿಕಾ ಪ್ರದೇಶ ಮಾಡಲು 1986ರಲ್ಲಿ ನೆಲ ಪರೀಕ್ಷೆಗೆ ಹೊರಟರು. ಕಂದಕ ಸುತ್ತಿದ ದೊಡ್ಡ ಪ್ರಾಚೀನ ಊರು ಸಿಕ್ಕಿತು. 1989ರಲ್ಲಿ ಸುದ್ದಿಯಾಗಿ ಜನ ಸಾಗರದಂತೆ ನೋಡಲು ಬಂದರು. ಕಾರ್ಖಾನೆಯ ಯೋಜನೆ ನಿಂತಿತು, ಅಲ್ಲಿ ಈಗ ಐತಿಹಾಸಿಕ ಉದ್ಯಾನವಿದೆ. ಸರಕಾರದ ಮನಸ್ಸು ತಿರುಗಿಸಿದ್ದು ಆ ಜನಸಂದಣಿ. ನಮ್ಮ ನೆರೆಯ ತೇರ್ ಊರಿನಲ್ಲಿ, ಗ್ರೀಕರು ತಗರ ಎಂದು ಬರೆದ ಆ ಹಳೆಯ ಪೇಟೆಯಲ್ಲಿ, ರಾಮಲಿಂಗಪ್ಪ ಲಾಮತುರೆ ಎಂಬ ಊರವರೇ ಹೊಲದಲ್ಲಿ ಸಿಕ್ಕದ್ದನ್ನೆಲ್ಲ ಕೂಡಿಟ್ಟರು. ಇವತ್ತು ಅಲ್ಲಿ ಅವರ ಹೆಸರಿನ ಸರಕಾರಿ ವಸ್ತುಸಂಗ್ರಹಾಲಯವಿದೆ. ಅವರು ಇಲ್ಲದಿದ್ದರೆ ಎಷ್ಟೋ ವಸ್ತು ಮುಂಬಯಿಯ ವ್ಯಾಪಾರಿಗಳ ಪಾಲಾಗುತ್ತಿತ್ತು. ಆದರೂ ಆಯ್ದು ತಂದ ವಸ್ತುವಿಗೆ ಒಂದು ಕೊರತೆ ಉಳಿಯುತ್ತದೆ: ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದು ತೆಗೆದ ಕ್ಷಣಕ್ಕೇ ಅಳಿಸಿಹೋಗುತ್ತದೆ.

ಆದ್ದರಿಂದ ಕಾಲೇಜಿನ ಮಕ್ಕಳಿಗೆ ಕೆಲಸದ ನಾಲ್ಕು ಮಾತು. ಹಿಂಗಾರಿ ಜೋಳದ ರಾಶಿ ಮುಗಿದು ಹೊಲ ಬರಿದಾದಾಗ ಬೋರಿ, ಸೀನಾ, ಭೀಮೆಯ ದಂಡೆ ಹಿಡಿದು ನಡೆಯಿರಿ. ಕಪ್ಪು ಹೊಲದ ನಡುವೆ ಬೂದುಬಣ್ಣದ ಉಬ್ಬು ಕಂಡರೆ ನಿಲ್ಲಿ. ಅಗೆಯಬೇಡಿ, ಪರವಾನಗಿ ಇಲ್ಲದ ಅಗೆತ ಲೂಟಿಯೇ. ಜೆಸಿಬಿ ಕಡಿದು ಹೋದ ದಡ ಇದ್ದರೆ ಅದರ ಮುಖವನ್ನು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಚಿತ್ರ ತೆಗೆಯಿರಿ. ಒಂದರ ಮೇಲೊಂದು ಸಾರಿಸಿದ ನೆಲದ ಗೆರೆಗಳು ಅಲ್ಲಿ ಎದ್ದು ಕಾಣುತ್ತವೆ. ಜಾಗದ ಗಟ್ ನಂಬರು ಬರೆದುಕೊಂಡು ಪುರಾತತ್ವ ಇಲಾಖೆಗೆ, ವಿಶ್ವವಿದ್ಯಾಲಯಕ್ಕೆ ಕಾಗದ ಹಾಕಿ. ಉತ್ತರ ಬರದಿದ್ದರೆ ಮತ್ತೆ ಹಾಕಿ. ಇಡೀ ಮಡಕೆಯೊಂದು ದಡದಿಂದ ಕಳಚಿ ಬಿದ್ದಿದ್ದರೆ ಅದನ್ನು ತೊಳೆಯಬೇಡಿ, ಒಳಗಿನ ಮಣ್ಣನ್ನು ಚೆಲ್ಲಬೇಡಿ. ಆ ಮಣ್ಣನ್ನು ಬಲ್ಲವರು ನೀರಿನ ತೊಟ್ಟಿಯಲ್ಲಿ ಕದಡುತ್ತಾರೆ. ಮಣ್ಣು ತಳಕ್ಕೆ ಇಳಿಯುತ್ತದೆ, ಇದ್ದಿಲಾದ ಕಾಳು ಹಗುರವಾಗಿ ಮೇಲೆ ತೇಲುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ಹಿಡಿದು ನೆರಳಲ್ಲಿ ಒಣಗಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಅದು ಜವೆಯೋ ಕೊರಲೆಯೋ ಗೊತ್ತಾಗುತ್ತದೆ.